ಗುರಿಯ ಆಚೆಗೆ

ಸರಯೂ ನದಿಯ ದಡದಲ್ಲಿ, ಕತ್ತಲೆಯೊಳಗೆ, ಕೊಡ ತುಂಬುವ ಸದ್ದನ್ನು ಕೇಳಿ ಆನೆಯೇ ನೀರು ಕುಡಿಯುತ್ತಿದೆಯೆಂದು ಬಗೆದು ದಶರಥನು ಬಾಣ ಬಿಟ್ಟ ಕಥೆಯನ್ನು ನೀವೆಲ್ಲರೂ ಚಿಕ್ಕಂದಿನಿಂದ ಕೇಳಿದವರೇ. ಈ ಪ್ರಸಂಗವನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ಒಬ್ಬ ಹುಡುಗನಾದರೂ ಎದ್ದು ನಿಂತು, "ನೋಡದೆ ಏಕೆ ಹೊಡೆದ, ಸಾರ್?" ಎಂದು ಕೇಳದೆ ಬಿಡುವುದಿಲ್ಲ. ಪ್ರಶ್ನೆಯೇನೋ ಸರಿಯಾದದ್ದೇ. ಆದರೆ ಮೃಗವನ್ನು ಕಣ್ಣಾರೆ ನೋಡಿ, ನೆಟ್ಟಗೆ ಗುರಿಯಿಟ್ಟು ಹೊಡೆದವರ ಕೈಯಿಂದಲೂ ಇಂಥ ಅನರ್ಥ ಆದದ್ದುಂಟು. ಇಂಗ್ಲೆಂಡಿನ ಇತಿಹಾಸದಲ್ಲಿ ಅಂಥ ಎರಡು ಸಾವುಗಳು ಪ್ರಸಿದ್ಧವಾಗಿವೆ. ಒಂದು ದೊರೆಯದು, ಇನ್ನೊಂದು ಬಡ ಕಾವಲುಗಾರನದು.

ದೊರೆಯ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಬೇಗ ಮುಗಿಸುತ್ತೇನೆ. 1100ನೆಯ ಇಸವಿಯ ಆಗಸ್ಟ್ 2ರಂದು ನ್ಯೂ ಫಾರೆಸ್ಟ್ ಎಂಬ ರಾಜವನದಲ್ಲಿ ಬೇಟೆಯಾಡುತ್ತಿದ್ದ ಎರಡನೆಯ ವಿಲಿಯಂ ರಾಜನು ತನ್ನ ಪರಿವಾರದವನೊಬ್ಬನ ಬಾಣ ತಗುಲಿ ಸತ್ತನು. ಕೆಂಪು ಮೈಬಣ್ಣದಿಂದಾಗಿ ರೂಫಸ್ ಎಂದು ಹೆಸರಾದವನು ಈತನೇ. ಬಾಣ ಬಿಟ್ಟವನು ವಾಲ್ಟರ್ ಟಿರೆಲ್ ಎಂದು ಹಳೆಯ ಚರಿತ್ರೆಕಾರರು ಬರೆದರು, ಟಿರೆಲನು ಅಲ್ಲವೆಂದನು. ಬಾಣವು ಮೃಗದ ಬೆನ್ನನ್ನು ಸವರಿಕೊಂಡು ಹೋಗಿ ಆಚೆಯಿದ್ದ ರಾಜನಿಗೆ ನಾಟಿತೆಂದು ಒಬ್ಬರು ಹೇಳಿದರೆ, ಮರಕ್ಕೆ ಬಡಿದು ಓರೆಯಾಗಿ ಚಿಮ್ಮಿತೆಂದು ಆ ಕಾಡಿನಲ್ಲಿ ನಿಂತಿರುವ ಸ್ಮಾರಕ ಹೇಳುತ್ತದೆ. ಮೂರೇ ದಿನಗಳಲ್ಲಿ ತಮ್ಮ ಹೆನ್ರಿಗೆ ಪಟ್ಟವಾದದ್ದರಿಂದ ಇದು ಕೊಲೆಯೇ ಇರಬೇಕೆಂದು ಶಂಕಿಸುವವರೂ ಇದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಅದೇ ವರ್ಷದ ಮೇ ತಿಂಗಳಿನಲ್ಲಿ, ಅದೇ ವನದಲ್ಲಿ, ರಾಜನ ಅಣ್ಣನ ಮಗನೊಬ್ಬನು ಬೇಟೆಯಲ್ಲಿ ಬಾಣ ತಗುಲಿ ಸತ್ತಿದ್ದನು. ಮರಗಳ ನಡುವೆ ನಾಲ್ಕು ಕಡೆ ಚದುರಿ ನಿಂತು, ಓಡುವ ಮೃಗಕ್ಕೆ ಎಲ್ಲರೂ ಬಾಣ ಬಿಡುತ್ತಿದ್ದ ಕಾಲದಲ್ಲಿ ಸಂಚು ಬೇರೆ ಏಕೆ ಬೇಕು?

ಎರಡನೆಯ ಸಾವು ನಡೆದದ್ದು 1621ನೆಯ ಇಸವಿಯ ಜುಲೈ ತಿಂಗಳಲ್ಲಿ, ಹ್ಯಾಂಪ್‌ಷೈರಿನ ಬ್ರಾಮ್ಸ್‌ಹಿಲ್ ಎಂಬಲ್ಲಿ, ಒಬ್ಬ ಪ್ರಭುವಿನ ಜಿಂಕೆಯ ವನದಲ್ಲಿ. ಅಂದು ಬಿಲ್ಲು ಹಿಡಿದಿದ್ದವನು ಸಾಮಾನ್ಯನಲ್ಲ. ಇಂಗ್ಲೆಂಡಿನ ಕ್ರೈಸ್ತ ಗುರುಗಳಿಗೆಲ್ಲ ಹಿರಿಯನಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಾರ್ಜ್ ಅಬಟ್! 1611ರಲ್ಲಿ ಹೊರಬಂದ ಬೈಬಲ್ಲಿನ ಪ್ರಸಿದ್ಧ ಇಂಗ್ಲಿಷ್ ಅನುವಾದದಲ್ಲಿ ಕೈಗೂಡಿಸಿದ ವಿದ್ವಾಂಸ. ಆಗ ಐವತ್ತೆಂಟು ವರ್ಷ ದಾಟಿದವನು. ಅವನ ಕೈಯಲ್ಲಿದ್ದುದು ಅಡ್ಡಬಿಲ್ಲು. ಎಂದರೆ ಮರದ ದಿಂಡಿಗೆ ಅಡ್ಡಲಾಗಿ ಬಿಗಿದ, ಬಂದೂಕಿನಂತೆ ಗುರಿಯಿಟ್ಟು ಹೊಡೆಯುವ ಬಿಲ್ಲು. ಗಂಡುಜಿಂಕೆಯೊಂದನ್ನು ನೋಡಿ ಬಿಟ್ಟ ಬಾಣ ಜಿಂಕೆಯನ್ನು ಬಿಟ್ಟು ಪೀಟರ್ ಹಾಕಿನ್ಸ್ ಎಂಬ ವನದ ಕಾವಲುಗಾರನ ತೋಳಿಗೆ ತಗುಲಿತು. ರಕ್ತನಾಳ ಹರಿದು, ಸ್ವಲ್ಪ ಹೊತ್ತಿನಲ್ಲಿಯೇ ಅವನ ಪ್ರಾಣ ಹೋಯಿತು.

ಮುಂದಿನದನ್ನು ಗಮನವಿಟ್ಟು ಓದಬೇಕು. ಸಾವಿನ ವಿಚಾರಣೆ ನಡೆಸಿದ ಪಂಚರು, ಇದು ಅಕಸ್ಮಾತ್ತಾಗಿ, ಸತ್ತವನದೇ ತಪ್ಪಿನಿಂದ ಆದ ಮರಣವೆಂದು ತೀರ್ಮಾನಿಸಿದರು. ದೂರ ಇರುವಂತೆ ಅವನಿಗೆ ಎಚ್ಚರಿಕೆ ಕೊಟ್ಟಿದ್ದರಂತೆ. ಒಂದನೆಯ ಜೇಮ್ಸ್ ರಾಜನೂ, ಇಂಥದು ಯಾರ ಕೈಯಿಂದಲಾದರೂ ಆಗಬಹುದೆಂದು ಆರ್ಚ್‌ಬಿಷಪ್ಪನ ಪಕ್ಷವನ್ನೇ ಹಿಡಿದನು. ಆದರೂ ರಕ್ತ ಹರಿಸಿದ ಕೈ ಪವಿತ್ರ ಕರ್ಮಗಳಿಗೆ ಸಲ್ಲುವುದೆ ಎಂಬ ಪ್ರಶ್ನೆ ಎದ್ದು, ಬಿಷಪ್ಪರೂ ನ್ಯಾಯಾಧೀಶರೂ ಕೂಡಿದ ಹತ್ತು ಮಂದಿಯ ಸಭೆ ಕುಳಿತಿತು. ಗುರುವಾದವನು ಬೇಟೆಯಾಡಬಹುದೆ, ಹಳೆಯ ಧರ್ಮಶಾಸನದ ನಿಷೇಧ ಗದ್ದಲದ ಬೇಟೆಗೆ ಮಾತ್ರವೋ ಸದ್ದಿಲ್ಲದ ಬೇಟೆಗೂ ಉಂಟೋ ಎಂದೆಲ್ಲ ಪಂಡಿತರು ವಾದಿಸಿದರು. (ಪಂಡಿತರ ಜಾತಿ ಎಲ್ಲ ದೇಶಗಳಲ್ಲೂ ಒಂದೇ, ನಾನೂ ಅದಕ್ಕೆ ಸೇರಿದವನು.) ಸಭೆಗೆ ಒಮ್ಮತ ಬರಲಿಲ್ಲ. ಕೊನೆಗೆ ರಾಜನೇ ಕ್ಷಮಾಪತ್ರ ಕೊಡಬೇಕಾಯಿತು. ಹೊಸದಾಗಿ ಆಯ್ಕೆಯಾಗಿದ್ದ ವಿಲಿಯಮ್ಸ್, ಲಾಡ್ ಮೊದಲಾದವರು ಮಾತ್ರ ಅಬಟನ ಕೈಯಿಂದ ದೀಕ್ಷೆ ಪಡೆಯಲು ಒಪ್ಪದೆ ಬೇರೆ ಬಿಷಪ್ಪರಿಂದ ಪಡೆದರು.

ಇಷ್ಟು ವಾದದಲ್ಲಿ ಮುಖ್ಯವಾಗಬೇಕಾಗಿದ್ದ ಒಂದು ಪ್ರಶ್ನೆ ಎಲ್ಲಿ ಹೋಯಿತು? ಜಿಂಕೆ ತಪ್ಪಿದರೆ ಬಾಣ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ಬಿಲ್ಲುಗಾರನು ನೋಡಿಕೊಂಡಿದ್ದನೆ?

ಇಂದು ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಸಾರಂಗದ ಬೇಟೆ ಕಲಿಯುವವನಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲಿ ಇದೂ ಒಂದು. ಬಾಣದ ಕಾಲ ಹೋಗಿ ರೈಫಲ್ಲಿನ ಕಾಲ ಬಂದ ಮೇಲೆ ಪ್ರಶ್ನೆ ಇನ್ನೂ ಕಠಿಣವಾಯಿತು. ಗುಂಡು ಜಿಂಕೆಯ ಮೈಯನ್ನು ತೂರಿಕೊಂಡೂ ಹೋಗಬಲ್ಲದು. ತಡೆಯಿಲ್ಲದಿದ್ದರೆ ಮೂರು ನಾಲ್ಕು ಕಿಲೋಮೀಟರು ದೂರ ಹಾರಬಲ್ಲದು. ಆದುದರಿಂದ ಮೃಗದ ಹಿಂದೆ ಗುಂಡನ್ನು ನುಂಗುವ ಮೆತ್ತನೆಯ ಮಣ್ಣಿನ ದಿಬ್ಬವೋ ಗುಡ್ಡದ ಇಳಿಜಾರೋ ಕಾಣಲೇಬೇಕು. ದಿಣ್ಣೆಯ ನೆತ್ತಿಯ ಮೇಲೆ ಆಕಾಶಕ್ಕೆ ಒರಗಿದಂತೆ ನಿಂತ ಸಾರಂಗ ಚಿತ್ರದಲ್ಲಿ ಬರೆದಷ್ಟು ಸುಂದರ. ಆದರೆ ಅದಕ್ಕೆ ಗುಂಡು ಹಾರಿಸಕೂಡದು. ಅದರ ಹಿಂದೆ ಇರುವುದು ಬಯಲು, ಬಯಲಿನ ಆಚೆ ದಾರಿಯೋ ಮನೆಯೋ ಯಾರು ಬಲ್ಲರು? ಪೊದೆ ತಡೆಯಲ್ಲ, ಹಿಂದೆ ಇರುವವರನ್ನು ಮರೆಮಾಡುವ ಪರದೆ ಅಷ್ಟೆ. ಬಂಡೆ, ಹೆಪ್ಪುಗಟ್ಟಿದ ನೆಲ, ನೀರು ಇವು ಇನ್ನೂ ಕೆಟ್ಟವು. ಕೆರೆಯಲ್ಲಿ ಹುಡುಗರು ಚಪ್ಪಟೆ ಕಲ್ಲನ್ನು ಹಾರಿಸಿ ಕುಪ್ಪಳಿಸುವುದನ್ನು ನೋಡಿದ್ದೀರಲ್ಲ, ಗುಂಡೂ ಹಾಗೆಯೇ ಚಿಮ್ಮಿ ದಿಕ್ಕು ತಪ್ಪುತ್ತದೆ. ಗುಡ್ಡವಿಲ್ಲದ ಸಮತಟ್ಟಿನ ಕಾಡಿನಲ್ಲಿ ಎತ್ತರದ ಅಟ್ಟಣೆ ಕಟ್ಟಿ ಕುಳಿತುಕೊಳ್ಳುವುದಕ್ಕೆ ಇದೂ ಒಂದು ಕಾರಣ. ಮೇಲಿನಿಂದ ಕೆಳಕ್ಕೆ ಹೊಡೆದರೆ ನೆಲವೇ ತಡೆಯಾಗುತ್ತದೆ. ಇವಾವುವೂ ಇಲ್ಲದಿದ್ದರೆ, ದಿನವೆಲ್ಲ ತೆವಳಿ ಬಂದಿದ್ದರೂ ಸರಿಯೆ, ಬಂದೂಕವನ್ನು ಕೆಳಗಿಟ್ಟು ಜಿಂಕೆಯನ್ನು ಹೋಗಗೊಡಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮಲ್ಲಿ ಜಿಂಕೆಯ ಬೇಟೆಯೇ ಅಪರಾಧ. ಈ ಲೆಕ್ಕ ನಮಗೆ ಬೇಕಾಗುವುದಿಲ್ಲ. ಆದರೆ ಈ ಲೆಕ್ಕವನ್ನು ಹಿಡಿದು ಬ್ರಾಮ್ಸ್‌ಹಿಲ್ಲಿನ ತೀರ್ಪನ್ನು ಓದಿದರೆ, ಸತ್ತವನದೇ ತಪ್ಪು ಎಂಬ ಮಾತು ಗಂಟಲಲ್ಲಿ ಇಳಿಯುವುದಿಲ್ಲ. ವನದಲ್ಲಿ ಓಡಾಡುವುದೇ ಕಾವಲುಗಾರನ ಉದ್ಯೋಗ. ಎಚ್ಚರಿಕೆ ಕೊಟ್ಟಿದ್ದರೂ ಬಾಣದ ದಾರಿಯನ್ನು ನೋಡಬೇಕಾದವನು ಬಾಣ ಬಿಡುವವನೇ. ದಶರಥನು ಕೊಡ ತಂದವನ ಮೇಲೆ ತಪ್ಪು ಹೊರಿಸಲಿಲ್ಲ. ತಾನೇ ನೀರು ಹೊತ್ತು ಆ ಕುರುಡ ತಂದೆತಾಯಿಗಳ ಮುಂದೆ ಹೋಗಿ ನಿಂತನು.

ಅಬಟನ ಮನಸ್ಸು ಪಂಚರ ತೀರ್ಪಿನಿಂದ ಹಗುರವಾದಂತೆ ಕಾಣುವುದಿಲ್ಲ. ಹಾಕಿನ್ಸನ ವಿಧವೆಗೆ ವರ್ಷಕ್ಕೆ ಇಪ್ಪತ್ತು ಪೌಂಡಿನ ವರ್ಷಾಶನವನ್ನು ಗೊತ್ತುಮಾಡಿದನು. ಆ ಹಣದ ದೆಸೆಯಿಂದ ಅವಳಿಗೆ ಬೇಗನೆ ಇನ್ನೊಬ್ಬ ಗಂಡ ಸಿಕ್ಕಿದನೆಂದು ಪರಿಹಾಸ್ಯವಾಗಿ ಬರೆದವರೂ ಉಂಟು. ಅವನಾದರೋ, ಆ ದುರ್ಘಟನೆ ನಡೆದ ಮಂಗಳವಾರದ ನೆನಪಿಗಾಗಿ, 1633ರಲ್ಲಿ ಸಾಯುವವರೆಗೂ ತಿಂಗಳಿಗೊಂದು ಮಂಗಳವಾರ ಉಪವಾಸವಿದ್ದನು.