ಘಟ್ಟದಾಚೆ ಉಳಿದ ಮೋಟಾರ್‌ಸೈಕಲ್

ಹಳಿಯಾಳದಲ್ಲಿ ನನ್ನ ಕೈಕೆಳಗೆ ಕಲಿತು ಈಗ ಅಮೆರಿಕದಲ್ಲಿ ನೆಲೆಸಿರುವ ವಿದ್ಯಾರ್ಥಿಯೊಬ್ಬ ಕೆಲವು ದಿನಗಳ ಹಿಂದೆ ದೂರವಾಣಿಯಲ್ಲಿ ಮಾತನಾಡುತ್ತ, “ಸರ್, ಅಲಾಸ್ಕಾದಿಂದ ದಕ್ಷಿಣ ಅಮೆರಿಕದ ತುದಿಯವರೆಗೆ ಮೋಟಾರ್‌ಸೈಕಲ್ಲಿನಲ್ಲಿ ಹೋಗಬೇಕೆಂದಿದ್ದೇನೆ. ಆದರೆ ನಡುವೆ ಒಂದು ಕಡೆ ರಸ್ತೆಯೇ ಇಲ್ಲ” ಎಂದ. ಪನಾಮಾ ಮತ್ತು ಕೊಲಂಬಿಯಾ ದೇಶಗಳ ನಡುವಿನ ದರಿಯನ್ ಕಾಡಿನ ಮಾತು ಅದು. ಸುಮಾರು 100 ಕಿ.ಮೀ. ಜೌಗು ಮತ್ತು ಅರಣ್ಯ. 1980ರ ದಶಕದಲ್ಲಿ ಎಡ್ ಕಲ್ಬರ್‌ಸನ್ ಎಂಬ ಅಮೆರಿಕನ್ ಸವಾರ ಸ್ಥಳೀಯರ ನೆರವಿನಿಂದ ತನ್ನ ವಾಹನವನ್ನು ಎಳೆದು, ಎತ್ತಿ, ಅದನ್ನು ದಾಟಿದ್ದುಂಟು. ಉಳಿದವರು ಸಾಮಾನ್ಯವಾಗಿ ಹಡಗನ್ನೋ ವಿಮಾನವನ್ನೋ ಆಶ್ರಯಿಸುತ್ತಾರೆ.

“ಅಷ್ಟು ದೂರವೇಕಪ್ಪ, ನಮ್ಮ ಜೋಯಿಡಾ ತಾಲೂಕಿನ ಅಂಚಿನಲ್ಲೇ ಅಂಥದೊಂದು ಇತ್ತಲ್ಲ” ಎಂದೆ. ಅವನಿಗೆ ಗೊತ್ತಿರಲಿಲ್ಲ. ತಪ್ಪು ಅವನದಲ್ಲ. ಪಠ್ಯಪುಸ್ತಕದಲ್ಲಿ ಗೋವಾ ವಿಮೋಚನೆಗೆ ಇದ್ದದ್ದು ನಾಲ್ಕೇ ಸಾಲು. ಅದನ್ನು ಓದಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದವನು ನಾನೇ.

ಕ್ಯಾಸಲ್‌ರಾಕ್ ಇಂದು ಕಾಡಿನ ನಡುವಿನ ಒಂದು ಸಣ್ಣ ನಿಲ್ದಾಣ. 1961ರವರೆಗೆ ಅದು ದೇಶದ ಬಾಗಿಲು. ಅದರಾಚೆಗಿದ್ದುದು ಪೋರ್ಚುಗೀಸರ ಗೋವೆ. 1878ರಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಮಾಡಿಕೊಂಡ ಒಪ್ಪಂದದ ಫಲವಾಗಿ ಮುರಗಾಂವ ಬಂದರಿನಿಂದ ಈ ಘಟ್ಟವನ್ನೇರುವ ಮೀಟರ್‌ಗೇಜ್ ಹಳಿ ಹುಟ್ಟಿತು. 1880ರ ದಶಕದ ಕೊನೆಗೆ ರೈಲು ಓಡತೊಡಗಿತು. ಕುಲೆಂನಿಂದ ಕ್ಯಾಸಲ್‌ರಾಕ್‌ವರೆಗೆ ಸುಮಾರು 26 ಕಿ.ಮೀ. ಏರಿಕೆ 37 ಅಡಿಗೆ ಒಂದು ಅಡಿ. ಗಾಡಿಯನ್ನು ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಬೇಕು. ಸುರಂಗಗಳನ್ನು ಹೊಕ್ಕು, ದೂಧಸಾಗರದ ಹನಿಗಳಲ್ಲಿ ತೋಯ್ದು ರೈಲು ಮೇಲೆ ಬರುತ್ತದೆ. ಈ ಕಣಿವೆಯಲ್ಲಿ ಮೋಟಾರು ಓಡುವ ರಸ್ತೆ ಇಲ್ಲ, ಹಳಿಯೊಂದೇ ದಾರಿ. ಇಂದು ವಾಹನದವರು ಅನಮೋಡದ ಘಟ್ಟ ಹಿಡಿದು ಸುತ್ತಿ ಮೊಲೆಂ ಸೇರುತ್ತಾರೆ.

ಆಗ ಈ ಕಡೆ ಕ್ಯಾಸಲ್‌ರಾಕ್‌ನಲ್ಲಿ ನಮ್ಮವರ ಸುಂಕದ ತಪಾಸಣೆ, ಆ ಕಡೆ ಕುಲೆಂನಲ್ಲಿ ಪೋರ್ಚುಗೀಸರದು. ಟ್ರಂಕು, ಹಾಸಿಗೆ, ಬುತ್ತಿಯ ಗಂಟು ಎಲ್ಲವನ್ನೂ ಬಿಚ್ಚಿ ತೋರಿಸಬೇಕಾಗಿತ್ತೆಂದು ನಮ್ಮ ಹಿರಿಯರು ಹೇಳುತ್ತಿದ್ದರು.

ನನ್ನ ಸೋದರಮಾವ ಹೊಟ್ಟೆಪಾಡಿಗೆಂದು ಘಟ್ಟವಿಳಿದು ಗೋವೆಯ ಅದಿರು ಗಣಿಯೊಂದರಲ್ಲಿ ಗುಮಾಸ್ತನಾಗಿದ್ದ. ವರ್ಷಕ್ಕೆರಡು ಸಲ ರೈಲಿನಲ್ಲಿ ಬಂದು, ಅಳ್ನಾವರದಲ್ಲಿ ಇಳಿದು ಊರಿಗೆ ಬರುತ್ತಿದ್ದ. 1955ರ ಆಗಸ್ಟ್ 15ರಂದು ಗಡಿಯ ಹಲವೆಡೆ ಗೋವೆಯೊಳಕ್ಕೆ ನಡೆದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಭಾರತ ಗೋವೆಗೆ ಆರ್ಥಿಕ ದಿಗ್ಬಂಧನ ಹಾಕಿತು, ರೈಲು ನಿಂತಿತು. ನಮ್ಮ ಜಿಲ್ಲೆ ಆಗಿನ್ನೂ ಮುಂಬಯಿ ರಾಜ್ಯದಲ್ಲಿತ್ತು. ಮಾವ ಆಚೆ ಉಳಿದ.

ಬಂದರೆ ಮರಳಿ ಹೋಗಲು ಪರವಾನಿಗೆ ಸಿಗುವ ಭರವಸೆ ಅವನಿಗಿರಲಿಲ್ಲ. ಮನೆಗೆ ಹಣ ಕಳಿಸುವ ದಾರಿಯೂ ಮುಚ್ಚಿಹೋಯಿತು. ಕೈಯಲ್ಲಿ ಉಳಿಯುತ್ತಿದ್ದ ಹಣದಿಂದ ಅವನು ಒಂದು ಬಿ.ಎಸ್.ಎ. ಮೋಟಾರ್‌ಸೈಕಲ್ ಕೊಂಡ. ಅಜ್ಜಿಗೆ ಬರೆದ ಪತ್ರದಲ್ಲಿ, ದಾರಿ ತೆರೆದ ದಿನ ಅದರ ಮೇಲೆಯೇ ನಿನ್ನನ್ನು ಉಳವಿ ಜಾತ್ರೆಗೆ ಕರೆದೊಯ್ಯುತ್ತೇನೆ ಎಂದಿದ್ದನಂತೆ. ಅಜ್ಜಿ 1959ರಲ್ಲಿ ತೀರಿಕೊಂಡಳು. ಸುದ್ದಿ ಅವನಿಗೆ ತಲುಪುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ನಡೆದಾದರೂ ಬರಬಹುದಿತ್ತು ಎಂಬುದು ನನ್ನ ತಾಯಿಯ ಕೊನೆಯವರೆಗಿನ ಮಾತು. ಬರಬಹುದಿತ್ತೇನೋ. ಗಡಿಯಲ್ಲಿ ಬಂದೂಕು ಹಿಡಿದು ನಿಂತವರನ್ನು ಅವಳು ಕಂಡವಳಲ್ಲ; ನಾನೂ ಕಂಡವನಲ್ಲ.

1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾಯಿತು. ಮರುವರ್ಷ ರೈಲು ಮತ್ತೆ ಓಡತೊಡಗಿದಾಗ ಮಾವ ಮೋಟಾರ್‌ಸೈಕಲ್ಲಿನೊಡನೆ ಹೊರಟ. ಕುಲೆಂನಲ್ಲಿ ಪೆಟ್ರೋಲನ್ನು ಪೂರ್ತಿ ಬಸಿದು ತೆಗೆಸಿದರು. ಹ್ಯಾಂಡಲ್, ದೀಪ, ಟ್ಯಾಂಕುಗಳಿಗೆ ಭತ್ತದ ಹುಲ್ಲು ಸುತ್ತಿ, ಮೇಲೆ ಗೋಣಿತಟ್ಟು ಹೊಲಿದು, ಹೆಸರು ಮತ್ತು ಅಳ್ನಾವರ ಎಂದು ಬರೆದ ಚೀಟಿ ಕಟ್ಟಿ, ನಾಲ್ವರು ಹಮಾಲರು ಎತ್ತಿ ಗಾರ್ಡಿನ ಡಬ್ಬಿಗೆ ಏರಿಸಿದರು. ರೈಲು ನಿಂತಲ್ಲೆಲ್ಲ ಮಾವ ಇಳಿದು ಹೋಗಿ ಗೋಣಿಯನ್ನು ಮುಟ್ಟಿ ಬರುತ್ತಿದ್ದನಂತೆ. ಹಿಂದೆ ಟ್ರಂಕು ಬಿಚ್ಚಿಸಿದ್ದ ಕ್ಯಾಸಲ್‌ರಾಕ್ ಫಲಾಟಿನಲ್ಲಿ ಬಹಳ ಹೊತ್ತು ಸುಮ್ಮನೆ ನಿಂತೆ ಎಂದು ಮುಂದೆ ನನಗೆ ಹೇಳಿದ್ದ.

ಅಳ್ನಾವರದಲ್ಲಿ ಇಳಿಸಿದಾಗ ರಾತ್ರಿ. ಪೆಟ್ರೋಲ್ ಸಿಗಲಿಲ್ಲ. ಹಳಿಯಾಳದ ದಾರಿಯಲ್ಲಿ ಹೊರಟಿದ್ದ ಎತ್ತಿನ ಗಾಡಿಯೊಂದರಲ್ಲಿ, ಗೋಣಿ ಬಿಚ್ಚದೆ, ಹಾಗೆಯೇ ಮಲಗಿಸಿಕೊಂಡು ತಂದ. ನನಗಾಗ ನಾಲ್ಕು ವರ್ಷ. ಅಂಗಳದಲ್ಲಿ ಹುಲ್ಲು ಕಿತ್ತು ತೆಗೆಯುತ್ತಿದ್ದುದೊಂದು ಮಸುಕಾಗಿ ನೆನಪಿದೆ. “ಗಾಡಿ ಬಂತು, ಕೂಡಾಕ ಅವ್ವ ಇಲ್ಲ” ಎಂದು ಅವನು ಅಂದದ್ದನ್ನು ತಾಯಿಯ ಬಾಯಿಂದ ಕೇಳಿದ್ದೇನೆ. ಆ ಸಲದ ಉಳವಿ ಜಾತ್ರೆಗೆ ಅವನು ಒಬ್ಬನೇ ಹೋಗಿಬಂದ.

ಮುಂದೆ ಮುಂಡಗೋಡದಲ್ಲಿ ನಾನು ಕೆಲಸದಲ್ಲಿದ್ದಾಗ, 1966ರಲ್ಲಿ ಅಲ್ಲಿ ನೆಲೆಗೊಂಡ ಟಿಬೆಟನ್ನರಲ್ಲಿ ಒಬ್ಬ ವೃದ್ಧರಿಗೆ ಈ ಕಥೆ ಹೇಳಿದೆ. ಅವರು ನಕ್ಕರು. ಹದಿಮೂರನೆಯ ದಲೈ ಲಾಮಾ ಅವರಿಗಾಗಿ ಎರಡು ಆಸ್ಟಿನ್ ಕಾರು, ಒಂದು ಡಾಜ್ ಕಾರನ್ನು ಬಿಡಿಭಾಗಗಳಾಗಿ ಬಿಚ್ಚಿ, ಹಿಮಾಲಯದ ಕಣಿವೆಗಳ ಮೂಲಕ ಹೊತ್ತು ಲ್ಹಾಸಾಕ್ಕೆ ಒಯ್ದಿದ್ದರು. ಅಲ್ಲಿ ಮತ್ತೆ ಜೋಡಿಸಿದರು. ನಿಮ್ಮ ಮಾವನಿಗಾದರೂ ರೈಲಿತ್ತು ಎಂದರು ಅವರು.

1990ರ ದಶಕದಲ್ಲಿ ಹಳಿ ಬ್ರಾಡ್‌ಗೇಜ್ ಆಯಿತು. ಮಾವನ ಬಿ.ಎಸ್.ಎ. ಅದಕ್ಕೂ ಮೊದಲೇ ದಾಂಡೇಲಿಯ ಗುಜರಿಗೆ ಹೋಗಿತ್ತು. ರೈಲ್ವೆಯ ಪಾರ್ಸೆಲ್ ರಸೀದಿ ಮಾತ್ರ ತಾಯಿಯ ಪೆಟ್ಟಿಗೆಯಲ್ಲಿ ಸಿಕ್ಕಿತು. ತಮ್ಮನ ಮೇಲೆ ಅಷ್ಟು ಸಿಟ್ಟಿದ್ದವಳು ಅದನ್ನೇಕೆ ಇಟ್ಟುಕೊಂಡಿದ್ದಳೋ! ಅಕ್ಷರಗಳು ಅಳಿಸಿಹೋಗಿವೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಆ ಕಾಲದ ಕ್ಯಾಸಲ್‌ರಾಕ್ ಸುಂಕದ ಚೀಟಿಯೋ, ಗೋವೆಯ ಪರವಾನಿಗೆಯೋ ಉಳಿದಿದ್ದರೆ ದಯವಿಟ್ಟು ನನಗೆ ತಿಳಿಸಿ. ನೋಡುವ ಆಸೆಯಿದೆ.