ವಿದೇಶಿ ನೆರವು ಮತ್ತು ಸಂಸದೀಯ ಪರಿಶೀಲನೆ: ಸೊಲ್ಲಾಪುರ–ಅಕ್ಕಲಕೋಟ ಪ್ರದೇಶದ ಹಿನ್ನೆಲೆಯಲ್ಲಿ

ಒಂದು ದೇಶ ಪರದೇಶಗಳಿಗೆ ಕೊಡುವ ಸಹಾಯಧನ, ಸಾಲ, ತರಬೇತಿ, ಔಷಧಿ ಹಾಗೂ ತಜ್ಞರ ಸೇವೆಯನ್ನು ಒಟ್ಟಾಗಿ ವಿದೇಶಿ ನೆರವು ಎನ್ನುತ್ತಾರೆ. ಈ ವೆಚ್ಚ ಯಾವ ವಿದೇಶಾಂಗ ಉದ್ದೇಶಕ್ಕಾಗಿ ಆಗುತ್ತಿದೆ, ಉದ್ದೇಶ ಎಷ್ಟರಮಟ್ಟಿಗೆ ನೆರವೇರಿದೆ ಎಂಬುದನ್ನು ಚುನಾಯಿತ ಸಭೆ ಪ್ರಶ್ನೆ, ಚರ್ಚೆ, ಮತದಾನ ಮತ್ತು ಸಮಿತಿಗಳ ಮೂಲಕ ವಿಚಾರಿಸುವುದು ಸಂಸದೀಯ ಪರಿಶೀಲನೆ. ಕನ್ನಡ, ಮರಾಠಿ, ತೆಲುಗು ಭಾಷಿಕರು ಬೆರೆತು ಬಾಳುವ ಸೊಲ್ಲಾಪುರ ಮತ್ತು ಅದರ ನೆರೆಯ ಅಕ್ಕಲಕೋಟ ಈ ವಿಷಯದ ಚರಿತ್ರೆಯಲ್ಲಿ ಎರಡು ಬೇರೆ ಬೇರೆ ಕಾರಣಗಳಿಗಾಗಿ ಗಮನಾರ್ಹವಾಗಿವೆ. ಸ್ವಾತಂತ್ರ್ಯಪೂರ್ವ ಭಾರತವು ಚೀನಾಕ್ಕೆ ಕಳುಹಿಸಿದ ವೈದ್ಯಕೀಯ ನಿಯೋಗದ ಪ್ರಸಿದ್ಧ ಸದಸ್ಯ ಡಾ. ದ್ವಾರಕಾನಾಥ ಕೋಟ್ನಿಸ್ ಸೊಲ್ಲಾಪುರದವರು. ಅಕ್ಕಲಕೋಟವು ವಿದೇಶಾಂಗ ಅಧಿಕಾರವನ್ನು ಮೊದಲು ಬ್ರಿಟಿಷರಿಗೆ, ಅನಂತರ ಭಾರತ ಒಕ್ಕೂಟಕ್ಕೆ ಬಿಟ್ಟುಕೊಟ್ಟ ದೇಶೀಯ ಸಂಸ್ಥಾನವಾಗಿತ್ತು.

ವಸಾಹತು ಕಾಲ

ಬ್ರಿಟಿಷ್ ಆಳ್ವಿಕೆಯಲ್ಲಿ ಭಾರತದ ವಿದೇಶಾಂಗ ನೀತಿ ಲಂಡನ್ನಿನಲ್ಲಿ ತೀರ್ಮಾನವಾಗುತ್ತಿತ್ತು. 1919ರ ಭಾರತ ಸರ್ಕಾರ ಕಾಯಿದೆಯಂತೆ ರಚನೆಯಾದ ಕೇಂದ್ರ ಶಾಸನಸಭೆಯಲ್ಲಿ, ವಿದೇಶಿ ರಾಜ್ಯಗಳೊಂದಿಗಿನ ಅಥವಾ ದೇಶೀಯ ಅರಸರೊಂದಿಗಿನ ಸಂಬಂಧಗಳಿಗೆ ತಾಗುವ ಮಸೂದೆಯನ್ನು ಗವರ್ನರ್ ಜನರಲ್‌ನ ಪೂರ್ವಾನುಮತಿಯಿಲ್ಲದೆ ಮಂಡಿಸುವಂತಿರಲಿಲ್ಲ. 1935ರ ಕಾಯಿದೆಯೂ ರಕ್ಷಣೆ ಮತ್ತು ವಿದೇಶಾಂಗ ವ್ಯವಹಾರಗಳನ್ನು ಗವರ್ನರ್ ಜನರಲ್‌ನ ವಿವೇಚನೆಗೇ ಮೀಸಲಿಟ್ಟಿತ್ತು. ಅದರ ಒಕ್ಕೂಟ ಭಾಗವಂತೂ ಜಾರಿಗೆ ಬರಲೇ ಇಲ್ಲ. ಸಂಸ್ಥಾನಗಳ ಸ್ಥಿತಿ ಇದಕ್ಕಿಂತ ಸಂಕುಚಿತವಾಗಿತ್ತು. ಭೋಸಲೆ ಮನೆತನದ ಆಳ್ವಿಕೆಯಲ್ಲಿದ್ದ ಅಕ್ಕಲಕೋಟವು ಸಾತಾರಾ ರಾಜ್ಯದ ಅಧೀನ ಜಹಗೀರಾಗಿದ್ದು, 1848ರಲ್ಲಿ ಸಾತಾರಾ ಬ್ರಿಟಿಷರ ವಶವಾದ ಬಳಿಕ ನೇರವಾಗಿ ಬ್ರಿಟಿಷ್ ಸಾರ್ವಭೌಮತ್ವಕ್ಕೆ ಒಳಪಟ್ಟಿತು. ಒಳಾಡಳಿತ ಅರಸರ ಕೈಯಲ್ಲಿದ್ದರೂ ಹೊರಗಿನ ಯಾವ ರಾಜ್ಯದೊಡನೆಯೂ ಸ್ವತಂತ್ರವಾಗಿ ವ್ಯವಹರಿಸುವ ಹಕ್ಕು ಅವರಿಗಿರಲಿಲ್ಲ.

ಶಾಸನಸಭೆಗೆ ಮುಚ್ಚಿದ್ದ ಈ ವಿಷಯವನ್ನು ರಾಷ್ಟ್ರೀಯ ಚಳವಳಿ ಹೊರಗಿನಿಂದ ಕೈಗೆತ್ತಿಕೊಂಡಿತು. 1936ರಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ತನ್ನದೇ ಆದ ವಿದೇಶಾಂಗ ವಿಭಾಗವನ್ನು ತೆರೆದು ಅದರ ಹೊಣೆಯನ್ನು ರಾಮಮನೋಹರ ಲೋಹಿಯಾ ಅವರಿಗೆ ವಹಿಸಿತು. ಆ ಮೂಲಕ ಸರ್ಕಾರವೇ ಇಲ್ಲದ ರಾಷ್ಟ್ರವೊಂದು ತನಗೊಂದು ವಿದೇಶಾಂಗ ನಿಲುವನ್ನು ರೂಪಿಸಿಕೊಳ್ಳತೊಡಗಿತು.

1938ರ ವೈದ್ಯಕೀಯ ನಿಯೋಗ

1937ರ ಜುಲೈಯಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣಪ್ರಮಾಣದ ಯುದ್ಧಕ್ಕಿಳಿದ ಬಳಿಕ ಚೀನಾದ ಸೇನಾನಿ ಝು ದ ಅವರು ಜವಾಹರಲಾಲ ನೆಹರೂ ಅವರಿಗೆ ಪತ್ರ ಬರೆದು ವೈದ್ಯಕೀಯ ಸಹಾಯ ಕೋರಿದರು. ಕಾಂಗ್ರೆಸ್ ಅಧ್ಯಕ್ಷ ಸುಭಾಷ್‌ಚಂದ್ರ ಬೋಸ್ 1938ರಲ್ಲಿ ಸಾರ್ವಜನಿಕರಿಗೆ ಮನವಿ ಮಾಡಿ ಸುಮಾರು 22,000 ರೂಪಾಯಿ ನಿಧಿ ಕೂಡಿಸಿದರು. ಅಲಹಾಬಾದಿನ ಎಂ. ಅಟಲ್, ನಾಗಪುರದ ಎಂ. ಚೋಳ್ಕರ್, ಸೊಲ್ಲಾಪುರದ ಕೋಟ್ನಿಸ್, ಕಲ್ಕತ್ತೆಯ ಬಿ.ಕೆ. ಬಸು ಮತ್ತು ಡಿ. ಮುಖರ್ಜಿ ಎಂಬ ಐವರು ವೈದ್ಯರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹಡಗು ಹತ್ತಿದರು.

1910ರ ಅಕ್ಟೋಬರ್ 10ರಂದು ಸೊಲ್ಲಾಪುರದಲ್ಲಿ ಹುಟ್ಟಿ, ಮುಂಬಯಿಯಲ್ಲಿ ವೈದ್ಯಶಿಕ್ಷಣ ಪಡೆದಿದ್ದ ಕೋಟ್ನಿಸ್ 1939ರ ಆರಂಭದಲ್ಲಿ ಚೀನಾದ ಯೆನಾನ್ ತಲುಪಿ, ಮುಂದೆ ಉತ್ತರ ಚೀನಾದ ರಣರಂಗದ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸಕರಾಗಿ ದುಡಿದರು. ಕೆನಡಾದ ವೈದ್ಯ ನಾರ್ಮನ್ ಬೆಥೂನ್ ಅವರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾಗಿ 1941ರಲ್ಲಿ ನೇಮಕಗೊಂಡ ಅವರು, ಉಳಿದವರಂತೆ ಸ್ವದೇಶಕ್ಕೆ ಹಿಂದಿರುಗದೆ, 1942ರ ಡಿಸೆಂಬರ್ 9ರಂದು ಮೂರ್ಛೆರೋಗದಿಂದ ತಮ್ಮ 32ನೆಯ ವಯಸ್ಸಿನಲ್ಲಿ ಅಲ್ಲಿಯೇ ನಿಧನರಾದರು.

ಭಾರತದ ವಿದೇಶಿ ನೆರವಿನ ಪೂರ್ವೇತಿಹಾಸದಲ್ಲಿ ಈ ನಿಯೋಗಕ್ಕೆ ವಿಶಿಷ್ಟ ಸ್ಥಾನವಿದೆ. ಹಣ ಬೊಕ್ಕಸದ್ದಲ್ಲದೆ ಜನರ ಚಂದಾ ಆಗಿದ್ದುದರಿಂದ ಅದನ್ನು ಶಾಸನಸಭೆಯ ಮುಂದಿಡುವ ಪ್ರಶ್ನೆಯೇ ಬರಲಿಲ್ಲ. ನೀತಿ ಸರಿಯೇ ತಪ್ಪೇ ಎಂಬುದನ್ನು ಪಕ್ಷದ ಅಧಿವೇಶನಗಳು ಚರ್ಚಿಸಿದವು, ನೆರವು ಬೇಕೇ ಬೇಡವೇ ಎಂಬುದನ್ನು ಚಂದಾ ಕೊಟ್ಟವರೇ ನಿರ್ಧರಿಸಿದರು. ತೆರಿಗೆದಾರನ ಹಣ ಖರ್ಚಾಗುವಾಗ ಈ ಬಗೆಯ ನೇರ ಸಮ್ಮತಿ ಸಾಧ್ಯವಿಲ್ಲವಾದ್ದರಿಂದಲೇ ಸಂಸತ್ತಿನ ಮಧ್ಯಸ್ಥಿಕೆ ಅಗತ್ಯವಾಗುತ್ತದೆ.

ಸ್ವಾತಂತ್ರ್ಯಾನಂತರದ ವ್ಯವಸ್ಥೆ

ದೇಶೀಯ ಸಂಸ್ಥಾನಗಳು ಸಹಿ ಹಾಕಿದ ವಿಲೀನ ಪತ್ರಗಳು ರಕ್ಷಣೆ, ವಿದೇಶಾಂಗ ಮತ್ತು ಸಂಪರ್ಕ ಎಂಬ ಮೂರು ವಿಷಯಗಳನ್ನು ಒಕ್ಕೂಟಕ್ಕೆ ಒಪ್ಪಿಸಿದವು. 1948ರ ಮಾರ್ಚಿನಲ್ಲಿ ಅಕ್ಕಲಕೋಟವು ಇತರ ದಖ್ಖನ್ ಸಂಸ್ಥಾನಗಳೊಂದಿಗೆ ಮುಂಬಯಿ ಪ್ರಾಂತದಲ್ಲಿ ಸೇರಿ, ಸೊಲ್ಲಾಪುರ ಜಿಲ್ಲೆಯ ತಾಲೂಕಾಯಿತು. ವಿದೇಶಾಂಗ ವ್ಯವಹಾರಗಳನ್ನು ಸಂವಿಧಾನವು ಕೇಂದ್ರ ಪಟ್ಟಿಗೆ ಸೇರಿಸಿದ್ದರಿಂದ ಅಲ್ಲಿನ ಪ್ರಜೆಗೆ ಈ ವಿಷಯದಲ್ಲಿ ಧ್ವನಿಯೆತ್ತಲು ಉಳಿದ ಮುಖ್ಯ ಸಾಂವಿಧಾನಿಕ ದಾರಿ ಸಂಸತ್ತು. ಅಕ್ಕಲಕೋಟ ವಿಧಾನಸಭಾ ಕ್ಷೇತ್ರ ಇಂದು ಸೊಲ್ಲಾಪುರ ಲೋಕಸಭಾ ಕ್ಷೇತ್ರದಲ್ಲಿ ಅಡಕವಾಗಿದೆ.

ಒಪ್ಪಂದ ಮಾಡಿಕೊಳ್ಳುವುದು ಭಾರತದಲ್ಲಿ ಕಾರ್ಯಾಂಗದ ಅಧಿಕಾರ. ಅಮೆರಿಕದಲ್ಲಿ ಒಪ್ಪಂದಕ್ಕೆ ಸೆನೆಟ್ಟಿನ ಮೂರನೆಯ ಎರಡು ಭಾಗದಷ್ಟು ಬಹುಮತ ಬೇಕು. ಭಾರತದ ಸಂಸತ್ತಿಗೆ ಅಂಥ ಅಧಿಕಾರವಿಲ್ಲ, 253ನೆಯ ವಿಧಿಯಂತೆ ಒಪ್ಪಂದವನ್ನು ಜಾರಿಗೊಳಿಸುವ ಕಾನೂನು ಮಾಡುವ ಅಧಿಕಾರವಷ್ಟೇ ಇದೆ. ಆದ್ದರಿಂದ ಸಂಸತ್ತಿನ ಹಿಡಿತ ಹೆಚ್ಚಾಗಿ ಹಣದ ಮೂಲಕವೇ ನಡೆಯುತ್ತದೆ. ಪ್ರತಿ ಸಚಿವಾಲಯವೂ ತನಗೆ ಬೇಕಾದ ಮೊತ್ತವನ್ನು 'ಅನುದಾನದ ಬೇಡಿಕೆ'ಯಾಗಿ ಲೋಕಸಭೆಯ ಮುಂದಿಡುತ್ತದೆ. ನೀತಿಯನ್ನೇ ಒಪ್ಪದ ಸದಸ್ಯನು ಬೇಡಿಕೆಯನ್ನು 1 ರೂಪಾಯಿಗೆ ಇಳಿಸಬೇಕೆಂದು ಕಡಿತ ಸೂಚನೆ ಮಂಡಿಸಬಹುದು. ಆದರೆ ಚರ್ಚೆಗೆ ನಿಗದಿಯಾದ ಕಾಲ ಮುಗಿದೊಡನೆ ಉಳಿದ ಬೇಡಿಕೆಗಳನ್ನೆಲ್ಲ ಚರ್ಚೆಯಿಲ್ಲದೆ ಒಟ್ಟಿಗೆ ಮತಕ್ಕೆ ಹಾಕುವ 'ಗಿಲೊಟಿನ್' ಪದ್ಧತಿಯಿಂದಾಗಿ ಹಲವು ಸಚಿವಾಲಯಗಳ ಬೇಡಿಕೆಗಳು ಸದನದಲ್ಲಿ ಚರ್ಚೆಗೇ ಬರುವುದಿಲ್ಲ.

ನೆರೆಯ ದೇಶಗಳಿಗೆ ನೆರವು 1950ರ ದಶಕದಲ್ಲಿ ನೇಪಾಳದ ರಸ್ತೆ ಕಾಮಗಾರಿಗಳಿಂದ ಬೆಳೆಯಿತು. 1961ರಲ್ಲಿ ಆರಂಭವಾದ ಭೂತಾನದ ಮೊದಲ ಪಂಚವಾರ್ಷಿಕ ಯೋಜನೆಯ ವೆಚ್ಚವನ್ನು ಭಾರತವೇ ವಹಿಸಿತು. 1964ರಲ್ಲಿ ವಿದೇಶಿ ಅಧಿಕಾರಿಗಳಿಗೂ ತಂತ್ರಜ್ಞರಿಗೂ ತರಬೇತಿ ನೀಡುವ ಐಟಿಇಸಿ ಕಾರ್ಯಕ್ರಮ ಜನ್ಮತಾಳಿತು. ಈ ಅವಧಿಯಲ್ಲಿ ಸದನದ ಗಮನ ನೆರವಿಗಿಂತ ಹೆಚ್ಚಾಗಿ ಚೀನಾದೊಂದಿಗಿನ ಗಡಿ ವಿವಾದದ ಮೇಲಿತ್ತು. ಸದಸ್ಯರ ಒತ್ತಾಯದಿಂದ 1959ರ ಸೆಪ್ಟೆಂಬರಿನಲ್ಲಿ ನೆಹರೂ ಚೀನಾದೊಂದಿಗಿನ ಪತ್ರವ್ಯವಹಾರವನ್ನು ಶ್ವೇತಪತ್ರವಾಗಿ ಸಂಸತ್ತಿನ ಮುಂದಿಟ್ಟರು. 1962ರ ನವೆಂಬರ್ 8ರಂದು, ಚೀನಾದೊಂದಿಗೆ ಯುದ್ಧ ನಡೆಯುತ್ತಿರುವಾಗಲೇ, ಸಂಸತ್ತಿನ ಅಧಿವೇಶನ ಸೇರಿತು. ಸುಮಾರು ಕಾಲು ಶತಮಾನದ ಹಿಂದೆ ಭಾರತದ ವೈದ್ಯರು ಸೇವೆಗೆ ಹೋಗಿದ್ದ ದೇಶವೇ ಎದುರಾಳಿಯಾಗಿ ನಿಂತಿದ್ದ ಆ ಸಂದರ್ಭವು, ಸೌಹಾರ್ದದಿಂದ ಕೊಟ್ಟ ನೆರವು ಮುಂದಿನ ನೀತಿಗೆ ಖಾತರಿಯಾಗುವುದಿಲ್ಲ ಎಂಬುದನ್ನು ತೋರಿಸಿತು.

ಸ್ಥಾಯಿ ಸಮಿತಿಯ ಕಾಲ

1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು ರಚನೆಯಾದುದು ಪರಿಶೀಲನೆಯ ಚರಿತ್ರೆಯ ಮುಖ್ಯ ತಿರುವು. ಮೊದಲು 17 ಇದ್ದ ಈ ಸಮಿತಿಗಳನ್ನು 2004ರಲ್ಲಿ 24ಕ್ಕೆ ಏರಿಸಲಾಯಿತು. ವಿದೇಶಾಂಗ ವ್ಯವಹಾರಗಳ ಸ್ಥಾಯಿ ಸಮಿತಿಯಲ್ಲಿ ಲೋಕಸಭೆಯ 21 ಮತ್ತು ರಾಜ್ಯಸಭೆಯ 10 ಸದಸ್ಯರಿರುತ್ತಾರೆ. ಬಾಗಿಲು ಮುಚ್ಚಿದ ಸಭೆಗಳಲ್ಲಿ ವಿದೇಶಾಂಗ ಕಾರ್ಯದರ್ಶಿಯೂ ಇತರ ಅಧಿಕಾರಿಗಳೂ ಸಾಕ್ಷ್ಯ ನೀಡುತ್ತಾರೆ. ಸಮಿತಿ ಬೇಡಿಕೆಗಳ ಮೇಲೆ ವರದಿ ಸಲ್ಲಿಸುತ್ತದೆ. ಸರ್ಕಾರ ಕೈಗೊಂಡ ಕ್ರಮದ ಬಗ್ಗೆ ಉತ್ತರ ಕೊಡಬೇಕಾಗುತ್ತದೆ. ಡೋಕ್ಲಾಂ ಗಡಿ ಬಿಕ್ಕಟ್ಟನ್ನು ಒಳಗೊಂಡ ಭಾರತ–ಚೀನಾ ಸಂಬಂಧಗಳ ಕುರಿತು 2018ರಲ್ಲಿ, 'ನೆರೆಹೊರೆ ಮೊದಲು' ನೀತಿಯ ಕುರಿತು 2023ರಲ್ಲಿ ಸಮಿತಿ ನೀಡಿದ ವರದಿಗಳು ನೀತಿಯ ಮೂಲಕ್ಕೇ ಕೈಯಿಕ್ಕಿದವು. ವೆಚ್ಚವಾದ ಮೇಲಿನ ತಪಾಸಣೆ ಮಹಾಲೇಖಪಾಲರದು. ಅವರ ವರದಿಯನ್ನು ಪರಿಶೀಲಿಸುವುದು ಸಾರ್ವಜನಿಕ ಲೆಕ್ಕಪತ್ರ ಸಮಿತಿ.

ನೆರವಿನ ಆಡಳಿತವನ್ನು ಒಂದೆಡೆ ತರಲು ವಿದೇಶಾಂಗ ಸಚಿವಾಲಯದಲ್ಲಿ 2012ರಲ್ಲಿ ಅಭಿವೃದ್ಧಿ ಪಾಲುದಾರಿಕೆ ವಿಭಾಗ ಸ್ಥಾಪನೆಯಾಯಿತು. 2024ರ ಜುಲೈಯ ಮುಂಗಡಪತ್ರ ಈ ಸಚಿವಾಲಯಕ್ಕೆ 22,154 ಕೋಟಿ ರೂಪಾಯಿ ಒದಗಿಸಿತು. ಅದರಲ್ಲಿ ಭೂತಾನಕ್ಕೆ 2,068 ಕೋಟಿ, ನೇಪಾಳಕ್ಕೆ 700 ಕೋಟಿ, ಮಾಲ್ದೀವ್ಸ್‌ಗೆ 400 ಕೋಟಿ ಮೀಸಲಾಗಿತ್ತು. ಭೂತಾನದ ಅಗ್ರಸ್ಥಾನವೇ ವಿದೇಶಾಂಗ ಆದ್ಯತೆಯ ಸ್ಪಷ್ಟ ಸೂಚಕ. ಆದರೆ ಎಕ್ಸಿಮ್ ಬ್ಯಾಂಕಿನ ಮೂಲಕ ಹೋಗುವ ರಿಯಾಯಿತಿ ಸಾಲಗಳಿಗೆ ಸರ್ಕಾರದ ಬೆಂಬಲ ಹಣಕಾಸು ಸಚಿವಾಲಯದಿಂದ ಬರುವುದರಿಂದ, ನೆರವಿನ ಒಟ್ಟು ಚಿತ್ರ ಒಂದೇ ಸಮಿತಿಯ ಮುಂದೆ ಬರುವುದಿಲ್ಲ.

ಸ್ಮರಣೆ ಮತ್ತು ಮೌಲ್ಯಮಾಪನ

ಕೋಟ್ನಿಸರ ಬದುಕನ್ನು ವಿ. ಶಾಂತಾರಾಮ್ 1946ರಲ್ಲಿ ಚಲನಚಿತ್ರವಾಗಿಸಿದರು. ಭಾರತಕ್ಕೆ ಬಂದ ಚೀನೀ ನಾಯಕರು ಅವರ ಕುಟುಂಬವನ್ನು ಭೇಟಿಯಾಗುವ ಪರಿಪಾಠ ದೀರ್ಘಕಾಲ ನಡೆಯಿತು. ಸೊಲ್ಲಾಪುರದ ಅವರ ಮನೆಯಿದ್ದ ಜಾಗದಲ್ಲಿ ಇಂದು ಸ್ಮಾರಕವಿದೆ. 1938ರಿಂದ ಇಂದಿನವರೆಗಿನ ಚರಿತ್ರೆಯನ್ನು ಒಟ್ಟಾಗಿ ನೋಡಿದರೆ, ಭಾರತದಲ್ಲಿ ವಿದೇಶಿ ನೆರವಿನ ಪರಿಶೀಲನೆ ಸದನದ ಬಯಲು ಚರ್ಚೆಯಿಂದ ಸಮಿತಿಯ ಕೊಠಡಿಗೆ ಸರಿದಿದೆ. ಅಲ್ಲಿ ಅದು ಆಳವಾಗಿದೆ, ಆದರೆ ಸಮಿತಿಯ ಶಿಫಾರಸುಗಳು ಸಲಹೆಗಳೇ ಹೊರತು ಸರ್ಕಾರವನ್ನು ಕಟ್ಟಿಹಾಕುವ ಆದೇಶಗಳಲ್ಲ.