ಸರ್ವೀಸಾದ ಮೇಲೆ ನಡುಗುವ ಎಂಜಿನ್ನು: ಇದ್ದಿಲಿನ ಕಾಲದಿಂದ ಇಂದಿನವರೆಗೆ

ಸರ್ವೀಸಿಗೆ ಬಿಡುವಾಗ ನೆಟ್ಟಗಿದ್ದ ಹಳೆಯ ಕಾರು ಮನೆಗೆ ಬಂದ ಮೇಲೆ ನಿಂತಲ್ಲೇ ನಡುಗುವುದು ಮೋಟಾರು ದುರಸ್ತಿಯಷ್ಟೇ ಹಳೆಯ ತೊಂದರೆ. ಇಂಧನ ಬದಲಾದಂತೆ, ಕಿಡಿ ಹೊತ್ತಿಸುವ ಬಗೆ ಬದಲಾದಂತೆ ನಡುಕದ ಕಾರಣವೂ ಬದಲಾಗಿದೆ. ಭದ್ರಾವತಿ ಮತ್ತು ಅಲ್ಲಿಂದ ಸುಮಾರು 20 ಕಿ.ಮೀ. ದೂರದ ಶಿವಮೊಗ್ಗದ ರಸ್ತೆಗಳಲ್ಲಿ ಓಡಿದ ವಾಹನಗಳನ್ನು ನೋಡಿದರೆ ಈ ಬದಲಾವಣೆಯ ಹಾದಿ ತಿಳಿಯುತ್ತದೆ.

ಬೆಂಕಿಪುರವೆಂದು ಕರೆಯುತ್ತಿದ್ದ ಊರು ಭದ್ರಾವತಿಯಾಗಿ ಬೆಳೆದದ್ದು ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯಿಂದ. ಸರ್ ಎಂ. ವಿಶ್ವೇಶ್ವರಯ್ಯನವರು ಕನಸು ಕಂಡ ಈ ಕಾರ್ಖಾನೆ 1923ರ ಜನವರಿಯಲ್ಲಿ ಉತ್ಪಾದನೆ ಆರಂಭಿಸಿತು. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು, ನೀರು ಭದ್ರಾ ನದಿಯದು. ಕುಲುಮೆಗೆ ಬೇಕಾದ ಇದ್ದಿಲನ್ನು ಮಲೆನಾಡಿನ ಮರದಿಂದಲೇ ಸುಡುತ್ತಿದ್ದರು. ಕಾರ್ಖಾನೆಯ ಜೊತೆಗೆ ಫಿಟ್ಟರ್, ಟರ್ನರ್, ಮೋಲ್ಡರ್‌ಗಳ ಕಸುಬೂ ಊರಿನಲ್ಲಿ ನೆಲೆಯೂರಿತು. ಮುಂದೆ ಇಲ್ಲಿನ ಮಿಶ್ರಲೋಹದ ಉಕ್ಕು ವಾಹನಗಳ ಬಿಡಿಭಾಗಗಳಿಗೂ ಹೋಯಿತು.

ಕಬ್ಬಿಣ ಕರಗಿಸಿದ ಇದ್ದಿಲು ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಬಸ್ಸುಗಳನ್ನೂ ಓಡಿಸಿತು. ಪೆಟ್ರೋಲಿಗೆ ಅಭಾವ ಬಂದಾಗ ಬಸ್ಸಿಗೆ ಒಂದು ಉರಿಗೂಡನ್ನು ಕಟ್ಟಿ, ಸಾಲದಷ್ಟು ಗಾಳಿಯಲ್ಲಿ ಇದ್ದಿಲು ಉರಿಸಿ, ಹೊಮ್ಮುವ ಅನಿಲವನ್ನು ಎಂಜಿನ್ನಿಗೆ ಬಿಡುತ್ತಿದ್ದರು. ಈ ಅನಿಲ ಪೆಟ್ರೋಲಿಗಿಂತ ನಿಧಾನವಾಗಿ ಉರಿಯುತ್ತದೆ. ಆದ್ದರಿಂದ ಕಿಡಿಯನ್ನು ಹೆಚ್ಚು ಮುಂಚಿತವಾಗಿ ಹಾರಿಸಬೇಕು. ಅದೇ ಗಾಡಿಯನ್ನು ಮತ್ತೆ ಪೆಟ್ರೋಲಿಗೆ ತಂದಾಗ ಕಿಡಿಯ ಸಮಯವನ್ನು ಹಿಂದಕ್ಕೆ ತಾರದಿದ್ದರೆ ಎಂಜಿನ್ನು ಬಡಿಯುತ್ತದೆ, ಅದುರುತ್ತದೆ. ಮೆಕ್ಯಾನಿಕ್ಕುಗಳು ‘ಟೈಮಿಂಗ್’ ಎಂದು ಕರೆಯುವ ವಿದ್ಯೆಯ ಬೆಲೆ ಆಗಲೇ ಗೊತ್ತಾಗಿತ್ತು.

ನಂತರದ ದಶಕಗಳು 1489 ಸಿಸಿ ಎಂಜಿನ್ನಿನ ಅಂಬಾಸಡರ್ ಮತ್ತು 1089 ಸಿಸಿಯ ಪ್ರೀಮಿಯರ್ ಪದ್ಮಿನಿಯವು. ಎರಡರಲ್ಲೂ ನಾಲ್ಕು ಸಿಲಿಂಡರು. ಕಿಡಿ ಬೀಳುವ ಸರದಿ 1-3-4-2. ಪ್ಲಗ್ ಬದಲಾಯಿಸುವಾಗ ಎರಡು ವೈರು ಅದಲುಬದಲಾದರೆ ಎರಡು ಸಿಲಿಂಡರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಕಿಡಿ ಬಿದ್ದು ಗಾಡಿ ಗಡಗಡ ನಡುಗುತ್ತದೆ. ಡಿಸ್ಟ್ರಿಬ್ಯೂಟರಿನೊಳಗಿನ ಸಿ.ಬಿ. (ಕಾಂಟ್ಯಾಕ್ಟ್ ಬ್ರೇಕರ್) ಪಾಯಿಂಟಿನ ಸಂದು ಅಂಬಾಸಡರಿನಲ್ಲಿ ಸುಮಾರು 15 ಥೌ, ಅಂದರೆ ಇಂಚಿನ ಸಾವಿರದಲ್ಲಿ 15 ಭಾಗ. ಸಂದು ಕಿರಿದಾದರೆ ಕಿಡಿ ತಡವಾಗುತ್ತದೆ, ಅಗಲವಾದರೆ ಮುಂಚಿತವಾಗುತ್ತದೆ. ಫೀಲರ್ ಗೇಜಿನ ಎಲೆಯನ್ನು ತೂರಿಸಿ, ಅದು ಹಗುರವಾಗಿ ಉಜ್ಜಿಕೊಂಡು ಹೊರಬರುವಂತೆ ಸ್ಕ್ರೂ ಬಿಗಿಯುವುದು ಕೈಗೆ ಒಲಿಯಬೇಕಾದ ಕೆಲಸ.

‘ಮಿಸ್’ ಹೊಡೆಯುವ ಸಿಲಿಂಡರನ್ನು ಹಿಡಿಯುವ ಕ್ರಮವೂ ಆಗಿನದೇ. ಎಂಜಿನ್ನು ಓಡುತ್ತಿರುವಾಗ ರಬ್ಬರು ಹಿಡಿಯ ಕಟಿಂಗ್ ಪ್ಲೇಯರಿನಿಂದ ಪ್ಲಗ್ಗಿನ ವೈರನ್ನು ಒಂದೊಂದಾಗಿ ಕಳಚುತ್ತಾರೆ. ಕೆಲಸ ಮಾಡುತ್ತಿರುವ ಸಿಲಿಂಡರಿನ ವೈರು ಕಳಚಿದರೆ ನಡುಕ ಹೆಚ್ಚಾಗಿ ಶಬ್ದ ಕುಸಿಯುತ್ತದೆ. ಯಾವ ಸಿಲಿಂಡರಿನ ವೈರು ಕಳಚಿದರೆ ವ್ಯತ್ಯಾಸವೇ ಕಾಣುವುದಿಲ್ಲವೋ ಆ ಸಿಲಿಂಡರೇ ಸತ್ತಿರುವುದು. ಹುಡುಕಾಟ ಅಲ್ಲಿಂದ ಪ್ಲಗ್, ವೈರು, ವಾಲ್ವುಗಳ ಕಡೆಗೆ ಸಾಗುತ್ತದೆ.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಲೆಕ್ಕವನ್ನೇ ಬದಲಿಸಿತು. ಅದರ 796 ಸಿಸಿ ಎಂಜಿನ್ನಿಗೆ ಮೂರೇ ಸಿಲಿಂಡರು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟು ಪ್ರತಿ 180 ಡಿಗ್ರಿ ತಿರುಗಿದಾಗ ಸಿಗುವ ತಳ್ಳು ಇಲ್ಲಿ 240 ಡಿಗ್ರಿಗೊಮ್ಮೆ. ಎಂಜಿನ್ನು ಹುಟ್ಟಿನಿಂದಲೇ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಆ ತೂಗಾಟವನ್ನು ನುಂಗುವುದು ಎಂಜಿನ್ ಮೌಂಟಿಂಗಿನ ರಬ್ಬರು. ವರ್ಷಗಳ ಬಿಸಿಗೆ ಅದು ಕಲ್ಲಿನಂತಾಗಿದ್ದರೆ, ಅಥವಾ ಕ್ಲಚ್ಚಿನ ಕೆಲಸಕ್ಕೆ ಎಂಜಿನ್ನು ಇಳಿಸಿ ಏರಿಸುವಾಗ ಬೋಲ್ಟನ್ನು ಓರೆಯಾಗಿ ಎಳೆದು ಬಿಗಿದಿದ್ದರೆ, ನಡುಕ ಸ್ಟೀರಿಂಗಿಗೂ ಸೀಟಿಗೂ ಬರುತ್ತದೆ. ಬೋಲ್ಟುಗಳನ್ನು ತುಸು ಸಡಿಲಿಸಿ, ಎಂಜಿನ್ನು ನಿಧಾನ ಓಟದಲ್ಲಿ ತನ್ನ ಜಾಗಕ್ಕೆ ತಾನೇ ಕೂತ ಮೇಲೆ ಮತ್ತೆ ಬಿಗಿಯುವುದು ಇದಕ್ಕೆ ಪರಿಹಾರ. ರಬ್ಬರು ಹರಿದಿದ್ದರೆ ಹೊಸದೇ ಬೇಕು.

2000ದ ಇಸವಿಯ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದಂತೆ ಕಾರ್ಬುರೇಟರ್ ಹೋಗಿ, ಪ್ರತಿ ಸಿಲಿಂಡರಿಗೂ ಬೇರೆಬೇರೆಯಾಗಿ ಇಂಧನ ಚಿಮ್ಮಿಸುವ ಎಂಪಿಎಫ್‌ಐ ಬಂತು. ಇಂಥ ಎಂಜಿನ್ನಿನಲ್ಲಿ ಗಾಳಿ ಒಳಹೋಗುವ ಥ್ರಾಟಲ್ ಬಾಡಿಯ ಮಸಿ ಒರೆಸಿದ ಮೇಲೆ ಕಾರು ನಡುಗುವುದುಂಟು. ಮಸಿ ಕಟ್ಟಿದ ದಾರಿಗೆ ಹೊಂದಿಕೊಂಡಿದ್ದ ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರು, ಸ್ವಚ್ಛವಾದ ದಾರಿಯಲ್ಲಿ ಗಾಳಿಯ ಲೆಕ್ಕವನ್ನು ಮತ್ತೆ ಕಲಿಯಬೇಕು. ಬ್ಯಾಟರಿ ಕಳಚಿದಾಗಲೂ ಕಲಿತದ್ದು ಅಳಿಸಿಹೋಗಬಹುದು. ಏರ್ ಫಿಲ್ಟರ್ ಬದಲಿಸುವಾಗ ಕಳಚಿದ ವ್ಯಾಕ್ಯೂಮ್ ಪೈಪನ್ನು ಮರಳಿ ಸಿಕ್ಕಿಸದಿದ್ದರೂ ಇದೇ ಫಲ. ಕಿವಿಯ ಜೊತೆಗೆ ಸ್ಕ್ಯಾನರ್ ಕೂಡ ಕಸುಬಿನ ಉಪಕರಣವಾದದ್ದು ಹೀಗೆ.

ಎಲ್ಲ ಕಾಲಕ್ಕೂ ಒಪ್ಪುವ ಕ್ರಮವೆಂದರೆ ಸರ್ವೀಸಿನಲ್ಲಿ ಕೈಯಿಟ್ಟ ಭಾಗವನ್ನು ಮೊದಲು ನೋಡುವುದು. ಗಾಡಿ ನಿಂತಾಗ ನಡುಗಿದರೆ ಕಿಡಿ, ಗಾಳಿ, ಇಂಧನ, ಮೌಂಟಿಂಗ್ ಪರೀಕ್ಷಿಸಬೇಕು. ಗಾಡಿ ನಿಂತಿದ್ದರೂ ರೇಸ್ ಕೊಟ್ಟಷ್ಟೂ ನಡುಕ ಏರಿದರೆ ಕ್ಲಚ್ಚು, ಫ್ಲೈವೀಲಿನ ತೂಕ ಸಮವಿಲ್ಲದಿರಬಹುದು. ಬಿಚ್ಚುವ ಮುನ್ನ ಪಂಚಿನಿಂದ ಗುರುತು ಹೊಡೆದು, ಮತ್ತೆ ಅದೇ ಗುರುತಿಗೆ ಕೂರಿಸಿದರೆ ಈ ತೊಂದರೆ ಬರುವುದಿಲ್ಲ. ರಸ್ತೆಯ ವೇಗದೊಂದಿಗೆ ಮಾತ್ರ ಬರುವ ನಡುಕಕ್ಕೆ ಚಕ್ರ ಕಾರಣ, ಅಂಬಾಸಡರಿನಂಥ ಗಾಡಿಯಲ್ಲಿ ಪ್ರೊಪೆಲ್ಲರ್ ಶಾಫ್ಟೂ ಕಾರಣವಿರಬಹುದು. ಅಲ್ಲಿ ಎಂಜಿನ್ನು ಬಿಚ್ಚಬೇಕಾಗಿಲ್ಲ.